ಮಣಿಕಟ್ಟಿನ ಮೇಲಣ ಕಾಲ

ಹೊತ್ತನ್ನು ತಿಳಿದುಕೊಳ್ಳುವುದಕ್ಕಾಗಿ ಇಂದು ಯಾರೂ ಹಣವನ್ನು ವ್ಯಯಮಾಡಬೇಕಾಗಿಲ್ಲ. ಬೀರೂರಿನ ರೈಲು ನಿಲ್ದಾಣದಲ್ಲಿ ಹೂವು ಮಾರುವ ಹೆಂಗಸಿನಿಂದ ಮೊದಲ್ಗೊಂಡು ತರೀಕೆರೆಯ ಅಡಕೆ ಮಂಡಿಯ ಸಾಹುಕಾರರವರೆಗೆ ಎಲ್ಲರ ಬಳಿಯಲ್ಲಿಯೂ ಇರುವ ಮೊಬೈಲು ಒಂದೇ ಹೊತ್ತನ್ನು ತೋರಿಸುತ್ತದೆ. ಬಡವನ ಹನ್ನೊಂದು ಗಂಟೆ ಬೇರೆ, ಬಲ್ಲಿದನ ಹನ್ನೊಂದು ಗಂಟೆ ಬೇರೆ ಎಂಬ ಭೇದ ಅದರಲ್ಲಿಲ್ಲ. ಹೀಗಿದ್ದರೂ, ಕಡೂರಿನ ನ್ಯಾಯಾಲಯದಲ್ಲಿ ವಾದಿಸುವ ವಕೀಲರು, ಊರ ಆಸ್ಪತ್ರೆಯ ವೈದ್ಯರು, ರಸ್ತೆ ಕಾಮಗಾರಿಯ ಕಂಟ್ರಾಕ್ಟರುಗಳು, ಬೆಟ್ಟದ ಮೇಲಣ ಕಾಫಿ ತೋಟಗಳ ಒಡೆಯರು, ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿದು ಗೌರಿಹಬ್ಬಕ್ಕೆ ಅಜ್ಜಂಪುರದಲ್ಲಿ ಬಂದಿಳಿಯುವ ತರುಣರು, ಇವರಲ್ಲಿ ಹಲವರ ಮಣಿಕಟ್ಟಿನ ಮೇಲೆ, ಒಂದು ಜೊತೆ ಉಳುವ ಎತ್ತಿನ ಕ್ರಯದಿಂದ ಹಿಡಿದು ಒಂದು ಮನೆಯ ಕ್ರಯದವರೆಗೆ ಬೆಲೆಬಾಳುವ ಕೈಗಡಿಯಾರಗಳು ಕಾಣಬರುತ್ತವೆ. ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸುಲಭವಾದ ಮಾರ್ಗ. ಆದರೆ ಭಿನ್ನಭಿನ್ನ ವೃತ್ತಿಗಳವರು, ಭಿನ್ನಭಿನ್ನ ಸ್ವಭಾವಗಳವರು, ತಮಗೆ ನಿಷ್ಪ್ರಯೋಜಕವಾದ ಪದಾರ್ಥವೊಂದನ್ನು ಇಷ್ಟು ಆಸ್ಥೆಯಿಂದ ಆರಿಸಿಕೊಳ್ಳುತ್ತಾರೆಂದರೆ, ಆ ಆಯ್ಕೆಯ ಮೂಲದಲ್ಲಿ ಧರ್ಮಜಿಜ್ಞಾಸೆಗೆ ಯೋಗ್ಯವಾದ ಯಾವುದೋ ಒಂದು ಆಕಾಂಕ್ಷೆ ಇದ್ದೇ ಇರಬೇಕೆಂದು ನಾನು ಭಾವಿಸುತ್ತೇನೆ.

ಹೆಚ್ಚು ಬೆಲೆ ಕೊಟ್ಟವನಿಗೆ ಹೆಚ್ಚು ನಿಖರವಾದ ಹೊತ್ತು ದೊರೆಯುವುದೆಂಬುದು ಸಹಜವಾದ ಊಹೆ. ವಸ್ತುಸ್ಥಿತಿ ಅದಕ್ಕೆ ವಿಪರೀತವಾಗಿದೆ. ಜಪಾನಿನ ಸೈಕೋ ಸಂಸ್ಥೆಯು ಕ್ವಾರ್ಟ್ಸ್ ಸ್ಫಟಿಕದ ಕಂಪನದಿಂದ ನಡೆಯುವ ಕೈಗಡಿಯಾರವನ್ನು ಮೊಟ್ಟಮೊದಲಿಗೆ ಮಾರಾಟಕ್ಕೆ ತಂದದ್ದು 1969ರ ಡಿಸೆಂಬರಿನಲ್ಲಿ. ಇಂದು ಸಂತೆಯಲ್ಲಿ ಸಿಕ್ಕುವ ಅಗ್ಗದ ವಾಚಿನಲ್ಲಿಯೂ ಆ ಸ್ಫಟಿಕವು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದು ತಿಂಗಳೊಂದರಲ್ಲಿ ಹದಿನೈದು ಸೆಕೆಂಡಿಗಿಂತ ಹೆಚ್ಚಾಗಿ ತಪ್ಪುವುದು ಅಪರೂಪ. ಲಕ್ಷಗಟ್ಟಲೆ ರೂಪಾಯಿ ಬಾಳುವ ಸ್ವಿಸ್ ಯಾಂತ್ರಿಕ ಗಡಿಯಾರವಾದರೋ, ದಿನವೊಂದಕ್ಕೆ ನಾಲ್ಕು ಸೆಕೆಂಡು ಹಿಂದೆ ಬಿದ್ದರೂ, ಆರು ಸೆಕೆಂಡು ಮುಂದೆ ಓಡಿದರೂ, ಕ್ರೊನೊಮೀಟರ್ ಎಂಬ ಪ್ರಶಸ್ತಿಗೆ ಅರ್ಹವಾಗಿಯೇ ಉಳಿಯುತ್ತದೆ. ಆದಕಾರಣ ಕೊಳ್ಳುವವನು ಕೊಳ್ಳುತ್ತಿರುವುದು ನಿಖರತೆಯನ್ನಲ್ಲ. ಮತ್ತೇನನ್ನು ಎಂಬುದೇ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಹೊತ್ತು ಹಿಂದೆ ಯಾವ ಒಬ್ಬನ ಸ್ವತ್ತೂ ಆಗಿರಲಿಲ್ಲ. ಮದುವೆಯ ಮನೆಯಲ್ಲಿ ನೀರು ತುಂಬಿದ ಪಾತ್ರೆಯೊಳಗೆ, ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಗಳಿಗೆ ಬಟ್ಟಲನ್ನು ತೇಲಿಬಿಡುತ್ತಿದ್ದರು. ನೀರು ಒಳಸೇರಿ ಬಟ್ಟಲು ಮುಳುಗಿತೆಂದರೆ ಒಂದು ಗಳಿಗೆ, ಎಂದರೆ ಇಂದಿನ ಲೆಕ್ಕದಲ್ಲಿ 24 ನಿಮಿಷ, ಸಂದಂತಾಯಿತು. ಅಹೋರಾತ್ರಿಗೆ ಅರವತ್ತು ಗಳಿಗೆ, ಎರಡು ಗಳಿಗೆಗೆ ಒಂದು ಮುಹೂರ್ತ. ಆ ಬಟ್ಟಲು ಮುಳುಗುವುದನ್ನು ವರನ ಕಡೆಯವರೂ ವಧುವಿನ ಕಡೆಯವರೂ ಒಟ್ಟಿಗೆ ನೋಡುತ್ತಿದ್ದರು. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಸೇರಿದ್ದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ದನಗಳ ತಳಿಯನ್ನು ಇಂದಿಗೂ ಸಂವರ್ಧನ ಕೇಂದ್ರದಲ್ಲಿ ಕಾಪಾಡಿಕೊಂಡಿರುವ ಅಜ್ಜಂಪುರದಲ್ಲಿ, ಗೋಧೂಳಿ ಲಗ್ನವೆಂಬುದು ಪಂಚಾಂಗವನ್ನು ತೆರೆಯದೆಯೇ ಬೀದಿಯಲ್ಲಿ ನಿಂತು ತಿಳಿಯಬಹುದಾದ ಸಂಗತಿಯಾಗಿತ್ತು.

ರೈಲುಹಾದಿ ಬಂದ ಮೇಲೆ ಹೊತ್ತು ಊರಿನಿಂದ ಬೇರ್ಪಟ್ಟಿತು. ಮಿರ್ಜಾಪುರದ ಬಳಿ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ಕಾಲವೇ ಭಾರತಕ್ಕೆಲ್ಲ ಕಾಲವೆಂಬ ನಿಯಮ 1906ರ ಜನವರಿ 1ರಿಂದ ಜಾರಿಗೆ ಬಂದಿತು. ಕಡೂರು ಇರುವುದು ಸುಮಾರಾಗಿ 76ನೆಯ ಡಿಗ್ರಿಯ ಮೇಲೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ಕಡೂರಿನ ನೆತ್ತಿಯ ಮೇಲೆ ಸೂರ್ಯನು ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ಸರಾಸರಿಯಲ್ಲಿ ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷಕ್ಕೆ. ಅಭಿಜಿನ್ಮುಹೂರ್ತವನ್ನು ಇಡುವ ಪುರೋಹಿತರು ಈ ಅಂತರವನ್ನು ಬಲ್ಲರು. ಎಷ್ಟೇ ಬೆಲೆಯ ಕೈಗಡಿಯಾರವಾದರೂ ಅದು ತೋರಿಸುತ್ತಿರುವುದು ಕಟ್ಟಿಕೊಂಡವನ ತಲೆಯ ಮೇಲಣ ಸೂರ್ಯನನ್ನಲ್ಲ, ಕೋಟ್ಯಂತರ ಜನರು ಪರಸ್ಪರ ಒಪ್ಪಿಕೊಂಡ ಒಂದು ಒಡಂಬಡಿಕೆಯನ್ನು. ಇಂಥ ಹೊತ್ತಿಗೆ ನಾನು ಇಂಥಲ್ಲಿ ಇರುತ್ತೇನೆ ಎಂದು ಒಬ್ಬನು ಮತ್ತೊಬ್ಬನಿಗೆ ಕೊಟ್ಟ ಮಾತು ನಡೆಯುವುದು ಈ ಒಡಂಬಡಿಕೆಯ ಬಲದಿಂದ. ಗಡಿಯಾರವನ್ನು ನಾನು ಮುಖ್ಯವಾಗಿ ವಚನಪಾಲನೆಯ ಉಪಕರಣವೆಂದೇ ತಿಳಿದಿದ್ದೇನೆ. ಮುಂದೆ ಹೇಳುವುದೆಲ್ಲ ಈ ತಿಳಿವಳಿಕೆಯನ್ನು ಆಶ್ರಯಿಸಿದೆ.

ಹುಬ್ಬಳ್ಳಿಯ ಹಾದಿಯೂ ಶಿವಮೊಗ್ಗದ ಹಾದಿಯೂ ಅಗಲುವ ಬೀರೂರು ಜಂಕ್ಷನ್ನಿನಲ್ಲಿ ಗಾರ್ಡಿನ ಕೈಯ ಗಡಿಯಾರ ಆಭರಣವಾಗಿರಲಿಲ್ಲ. ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ಬಂಡಿಗಳ ವೇಳಾಪಟ್ಟಿ ನಡೆಯುತ್ತಿದ್ದುದು ಎಲ್ಲ ನೌಕರರ ಗಡಿಯಾರಗಳೂ ಒಂದೇ ಮಾತನ್ನಾಡುವುವೆಂಬ ನಂಬಿಕೆಯ ಮೇಲೆ. 1891ರಲ್ಲಿ ಅಮೆರಿಕದ ಓಹಾಯೊ ಪ್ರಾಂತದ ಕಿಪ್ಟನ್ ಎಂಬಲ್ಲಿ ನೌಕರನೊಬ್ಬನ ಗಡಿಯಾರ ನಾಲ್ಕು ನಿಮಿಷ ನಿಂತುಹೋಗಿ ಮತ್ತೆ ನಡೆದ ಕಾರಣ ಎರಡು ರೈಲುಗಳು ಡಿಕ್ಕಿಹೊಡೆದು ಪ್ರಾಣಹಾನಿಯಾಯಿತು. ವೆಬ್ ಬಾಲ್ ಎಂಬ ಚಿನಿವಾರನು ರೈಲ್ವೆ ಗಡಿಯಾರಗಳಿಗೆ ಕಠಿನವಾದ ಲಕ್ಷಣಗಳನ್ನು ವಿಧಿಸಿದ್ದು ಆ ದುರಂತದ ತರುವಾಯ. ವೈದ್ಯರ ವಿಷಯವೂ ಹೀಗೆಯೇ. ನಮ್ಮ ಪಂಡಿತರು ನಾಡಿಯ ಗತಿಯನ್ನು ಬೆರಳ ತುದಿಯಿಂದ ಅರಿಯುತ್ತಿದ್ದರೆ, ಇಂಗ್ಲೆಂಡಿನ ಜಾನ್ ಫ್ಲಾಯರ್ 1707ರಲ್ಲಿ ನಾಡಿಯನ್ನು ನಿಮಿಷದ ಗಡಿಯಾರದಿಂದ ಎಣಿಸುವ ಪದ್ಧತಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಇಂದಿಗೂ ಕೆಲವು ಬೆಲೆಬಾಳುವ ಗಡಿಯಾರಗಳ ಡಯಲಿನ ಅಂಚಿನಲ್ಲಿ ನಾಡಿಯ ಎಣಿಕೆಗಾಗಿ ಗುರುತುಗಳನ್ನು ಹಾಕಿರುತ್ತಾರೆ. ಇಂಥವರ ಕೈಯಲ್ಲಿ ಗಡಿಯಾರವು ವೃತ್ತಿಧರ್ಮದ ಅಂಗವೇ ಆಗಿತ್ತು, ಅರ್ಚಕರ ಕೈಯಲ್ಲಿ ಘಂಟೆಯಿದ್ದಂತೆ.

ಇಲ್ಲಿಂದ ವಿಷಯ ಸೂಕ್ಷ್ಮವಾಗುತ್ತದೆ. ಇಂದು ಪ್ರಪಂಚದಲ್ಲೆಲ್ಲ ಅತ್ಯಂತ ಅಪೇಕ್ಷಣೀಯವೆನಿಸಿರುವ ಗಡಿಯಾರಗಳಲ್ಲಿ ಹಲವು ಮೊದಲಿಗೆ ಸಾಹಸದ ಅಥವಾ ವಿಶೇಷವಾದ ಕೆಲಸಗಳಿಗಾಗಿ ನಿರ್ಮಿತವಾದವು. ರೋಲೆಕ್ಸ್ ಸಬ್‌ಮರೀನರ್ 1953ರಲ್ಲಿ ಸಮುದ್ರದಲ್ಲಿ ಮುಳುಗುವವರಿಗೆಂದು ಹೊರಟದ್ದು. ಅದರ ಸೋದರಿಯಾದ ಜಿಎಂಟಿ ಮಾಸ್ಟರ್ ಖಂಡಾಂತರಗಳನ್ನು ದಾಟುವ ವಿಮಾನಚಾಲಕರಿಗೆಂದು ಹುಟ್ಟಿದ್ದು. ಮಿಲ್‌ಗಾಸ್ ಎಂಬುದು ಅಯಸ್ಕಾಂತಕ್ಷೇತ್ರದ ನಡುವೆ ಕೆಲಸಮಾಡುವ ವಿಜ್ಞಾನಿಗಳಿಗೆಂದು. ಒಮೇಗಾ ಸ್ಪೀಡ್‌ಮಾಸ್ಟರ್ 1969ರಲ್ಲಿ ಚಂದ್ರನ ನೆಲವನ್ನು ಕಂಡದ್ದು. ಮುಖವನ್ನು ತಿರುವಿ ಹಾಕಬಹುದಾದ ರಿವರ್ಸೊ 1931ರಲ್ಲಿ ನಮ್ಮದೇ ದೇಶದಲ್ಲಿ ಪೋಲೋ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ಬೇಡಿಕೆಯಿಂದ ಉದ್ಭವಿಸಿದ್ದು. ಇವನ್ನು ಇಂದು ಕೊಳ್ಳುವವರಲ್ಲಿ ಸಮುದ್ರಕ್ಕೆ ಧುಮುಕುವವರು ಎಷ್ಟು ಮಂದಿ? ತರೀಕೆರೆಯ ವರ್ತಕರೊಬ್ಬರು ಮುನ್ನೂರು ಮೀಟರು ನೀರಿನ ಆಳವನ್ನು ತಾಳತಕ್ಕ ಗಡಿಯಾರವನ್ನು ಧರಿಸಿರುವಾಗ, ಅವರ ನಿತ್ಯಜೀವನದಲ್ಲಿ ಕಾಣತಕ್ಕ ಅತ್ಯಂತ ದೊಡ್ಡ ಜಲರಾಶಿಯೆಂದರೆ ಲಕ್ಕವಳ್ಳಿಯ ಭದ್ರಾ ಜಲಾಶಯ. ಅವರು ಕೊಂಡದ್ದು ಅನ್ಯರೊಬ್ಬರ ಸಾಹಸದ ತೇಜಸ್ಸನ್ನು. ಭಗವದ್ಗೀತೆ ಸ್ವಧರ್ಮಕ್ಕೂ ಪರಧರ್ಮಕ್ಕೂ ಇರುವ ಅಂತರವನ್ನು ವಿವೇಚಿಸುವಾಗ, ಪರಧರ್ಮವು ಎಷ್ಟೇ ಶೋಭಾಯಮಾನವಾಗಿ ತೋರಿದರೂ ಅದು ನಮ್ಮದಲ್ಲವೆಂದು ಎಚ್ಚರಿಸುತ್ತದೆ. ಮಂಡಿಯಲ್ಲಿ ರಾಶಿ ಇಡಿಗೂ ಬೆಟ್ಟೆಗೂ ಇರುವ ವ್ಯತ್ಯಾಸವನ್ನು ಒಂದು ಹಿಡಿಯನ್ನು ಅಂಗೈಯಲ್ಲಿ ಆಡಿಸಿದ ಮಾತ್ರಕ್ಕೆ ಹೇಳಬಲ್ಲ, ರೈತನಿಗೆ ಮುಂಗಡ ಕೊಟ್ಟು ಧಾರಣೆ ಕುಸಿದಾಗಲೂ ಮಾತಿಗೆ ತಪ್ಪದ ವರ್ತಕನ ವೃತ್ತಿಯಲ್ಲಿ ಸಾಹಸಕ್ಕೆ ಕೊರತೆಯೆಲ್ಲಿದೆ? ತನ್ನ ಕಾಯಕದಲ್ಲಿರುವ ಘನತೆ ತನಗೇ ಕಾಣದಾದಾಗ ಮನುಷ್ಯನು ಇನ್ನೊಬ್ಬನ ಘನತೆಯನ್ನು ಬೆಲೆಗೆ ತರುತ್ತಾನೆ. ಈ ಮಾತನ್ನು ನಾನು ನಿಂದೆಯಾಗಿ ಹೇಳುತ್ತಿಲ್ಲ, ಮರುಕದಿಂದ ಹೇಳುತ್ತಿದ್ದೇನೆ.

ಗಡಿಯಾರದ ಇತಿಹಾಸದಲ್ಲಿಯೂ ಧರ್ಮದ ಕೈವಾಡವುಂಟು. ಹದಿನಾರನೆಯ ಶತಮಾನದ ಮಧ್ಯಭಾಗದಲ್ಲಿ ಜಿನೀವಾ ನಗರದಲ್ಲಿ ಕಾಲ್ವಿನ್ ಎಂಬ ಮತಸುಧಾರಕನ ಶಾಸನ ನಡೆಯುತ್ತಿದ್ದಾಗ ಆಭರಣಧಾರಣೆಗೆ ನಿಷೇಧ ಬಿದ್ದಿತು. ಜೀವನೋಪಾಯವನ್ನು ಕಳೆದುಕೊಂಡ ಅಕ್ಕಸಾಲಿಗರು, ಫ್ರಾನ್ಸಿನಿಂದ ಮತಹಿಂಸೆಗೆ ಅಂಜಿ ಓಡಿಬಂದ ಕುಶಲಕರ್ಮಿಗಳ ವಿದ್ಯೆಯನ್ನು ಸೇರಿಸಿಕೊಂಡು, ಗಡಿಯಾರದ ಕೆಲಸಕ್ಕೆ ತಿರುಗಿದರು. 1601ರಲ್ಲಿ ಅವರ ಶ್ರೇಣಿಯೂ ಸ್ಥಾಪಿತವಾಯಿತು. ಒಡವೆ ಬೇಡವೆಂದ ಧರ್ಮಕ್ಕೆ ಗಡಿಯಾರ ಬೇಡವೆನ್ನಲು ಆಗಲಿಲ್ಲ, ಏಕೆಂದರೆ ಅದು ಪ್ರಾರ್ಥನೆಗೂ ದುಡಿಮೆಗೂ ಬೇಕಾದದ್ದು. ನಮ್ಮಲ್ಲಿಯೂ ಗಂಡಸರ ಕಿವಿಯ ಒಂಟಿ, ತೋಳಿನ ಬಾಹುಪುರಿ, ಕೈಯ ಕಡಗ ಇವುಗಳೆಲ್ಲ ಎರಡು ತಲೆಮಾರಿನೊಳಗೆ ಬಹುಮಟ್ಟಿಗೆ ಕಣ್ಮರೆಯಾಗಿ, ಉಂಗುರವೊಂದು, ಗಡಿಯಾರವೊಂದು ಮಾತ್ರ ಉಳಿದುಕೊಂಡುವು. ಉಪಯೋಗವೆಂಬ ನೆಪವುಳ್ಳ ಅಲಂಕಾರವನ್ನು ದುಡಿಯುವ ಮನುಷ್ಯ ಸಂಕೋಚವಿಲ್ಲದೆ ಧರಿಸಬಲ್ಲನು. ಎಲ್ಲ ವೃತ್ತಿಯವರೂ ಇದನ್ನು ಆರಿಸಿಕೊಳ್ಳುವುದಕ್ಕೆ ಇದೇ ಪ್ರಬಲವಾದ ಕಾರಣವೆಂದು ನನಗೆ ತೋರುತ್ತದೆ.

ನಮ್ಮ ನಾಡು ಈ ಆಕಾಂಕ್ಷೆಗೆ ಒಂದು ಕಾಲದಲ್ಲಿ ಬಹು ಸಾತ್ತ್ವಿಕವಾದ ಉತ್ತರವನ್ನು ಕೊಟ್ಟಿತ್ತು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್‌.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಸ್ಥಾಪಿತವಾಯಿತು. 1978ರಲ್ಲಿ ತುಮಕೂರಿನಲ್ಲಿ ಮತ್ತೊಂದು. ಜನತಾ ಎಂಬ ಆ ಸರಳವಾದ ವಾಚು ಅಳಿಯಂದಿರ ಕೈಗೆ ವರೋಪಚಾರದಲ್ಲಿ ಬಂದಿತು, ಎಸ್‌.ಎಸ್‌.ಎಲ್‌.ಸಿ. ತೇರ್ಗಡೆಯಾದ ಮಗನ ಕೈಗೆ ಬಂದಿತು. ಮೂವತ್ತು ನಲವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟರ ಕೈಗೆ ಬೀಳ್ಕೊಡುಗೆಯ ದಿನ ಶಾಲು ಹಾರಗಳೊಡನೆ ಬಂದಿತು. ಅಷ್ಟು ವರ್ಷ ಶಾಲೆಯ ಗಂಟೆಗೆ ತನ್ನನ್ನು ಒಪ್ಪಿಸಿಕೊಂಡವನಿಗೆ, ಇನ್ನು ಈ ಹೊತ್ತು ನಿನ್ನದು ಎಂದು ಊರು ಹೇಳುವ ರೀತಿ ಅದು. ಕಡೂರಿನ ಪೇಟೆಯಲ್ಲಿ, ಮೇಜೊಂದು ಹಿಡಿಯುವಷ್ಟೇ ಅಗಲದ ಅಂಗಡಿಯಲ್ಲಿ ಕುಳಿತ ವಾಚು ರಿಪೇರಿಯವರೊಬ್ಬರು ಒಮ್ಮೆ ಅಂಥದೊಂದರ ಬೆನ್ನಿನ ಮುಚ್ಚಳವನ್ನು ತೆರೆದು ನನಗೆ ತೋರಿಸಿದರು. ಕಣ್ಣಿಗೆ ಮಸೂರವನ್ನು ಸಿಕ್ಕಿಸಿಕೊಂಡು, ನಿಂತಿದ್ದ ಚಕ್ರವನ್ನು ಚಿಮುಟದ ತುದಿಯಿಂದ ಮೆಲ್ಲನೆ ಮುಟ್ಟಿ ಅವರು ಕೀಲಿ ಕೊಟ್ಟೊಡನೆ, ಕೂದಲೆಳೆಯಂಥ ಸ್ಪ್ರಿಂಗು ಹಿಗ್ಗುತ್ತ ಕುಗ್ಗುತ್ತ ನಡೆಯತೊಡಗಿತು. ಅಚ್ಚಿನ ತುದಿ ಕೂರುವ ಎಡೆಗಳಲ್ಲಿ ಸಾಸಿವೆಗಿಂತಲೂ ಕಿರಿದಾದ ಕೆಂಪು ಕಲ್ಲುಗಳು, ಒಟ್ಟು ಹದಿನೇಳು. ಅವು ಮಾಣಿಕ್ಯಗಳು, ಕೃತಕವಾಗಿ ಬೆಳೆಸಿದವಾದರೂ ಮಾಣಿಕ್ಯಗಳೇ. ಉಜ್ಜಾಟದಿಂದ ಲೋಹ ಸವೆಯದಿರಲೆಂದು ಡಯಲಿನ ಹಿಂದೆ, ಧರಿಸಿದವನ ಕಣ್ಣಿಗೂ ಬೀಳದಂತೆ, ಅವು ತಮ್ಮ ಕೆಲಸವನ್ನು ಮಾಡುತ್ತಿರುತ್ತವೆ. ಹೊರಗೆ ವಜ್ರಗಳನ್ನು ಕೆತ್ತಿಸಿಕೊಂಡ ಗಡಿಯಾರಗಳನ್ನು ನಾನು ಕಂಡಿದ್ದೇನೆ. ಆ ಹದಿನೇಳು ಕಲ್ಲುಗಳ ಮುಂದೆ ಅವು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಆ ಯಂತ್ರವು ಗಂಟೆಗೆ 18,000 ಸಲ ಬಡಿಯುತ್ತದೆ, ದಿನವೊಂದಕ್ಕೆ 4,32,000 ಸಲ. ಕಲಿಯುಗಕ್ಕೆ ನಮ್ಮ ಪುರಾಣಗಳು ವಿಧಿಸಿರುವ ವರ್ಷಗಳ ಸಂಖ್ಯೆಯೂ ಅಷ್ಟೇ. ಕಾಕತಾಳೀಯವಾದ ಈ ಸಾಮ್ಯದಿಂದ ಯಾವ ಸಿದ್ಧಾಂತವನ್ನೂ ಎಳೆಯಲು ನಾನು ಹೊರಟಿಲ್ಲ, ಆದರೂ ಅದು ನನಗೆ ಬಹಳ ಪ್ರಿಯವಾದ ಸಂಗತಿ. ಆ ಕಾರ್ಖಾನೆಗಳನ್ನು ಮುಚ್ಚುವ ನಿರ್ಧಾರವನ್ನು ಕೇಂದ್ರ ಸರ್ಕಾರ 2016ರಲ್ಲಿ ಕೈಕೊಂಡಿತು. ಈಗ ಬೆಂಗಳೂರಿನ ತರುಣರು ಹಳೆಯ ಜನತಾ, ಪೈಲಟ್ ವಾಚುಗಳನ್ನು ಹುಡುಕಿ ಹುಡುಕಿ ಕೊಳ್ಳುತ್ತಿದ್ದಾರೆ.

ಕುಶಲಕರ್ಮದ ಅತಿಶಯವೇ ಪಾಪವೆನ್ನುವವರ ಪಕ್ಷವನ್ನು ನಾನು ಹಿಡಿಯಲಾರೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ಲಿಂಗಕ್ಕೆ ನೆರಳೊಂದು ಸಾಕಾಗಿದ್ದ ಪಕ್ಷದಲ್ಲಿ ನಾಲ್ಕು ಗೋಡೆ, ಒಂದು ಮಾಡು ಸಾಕಾಗಿತ್ತು. ಆದರೆ ಅಲ್ಲಿ ಕನ್ನಡಿಯಂತೆ ನುಣುಪಾದ ಕಂಬಗಳಿವೆ. ತೆರೆದ ಮಂಟಪದ ಸುತ್ತು ಗೋಡೆಯಲ್ಲಿ ರಾಮಾಯಣ, ಭಾಗವತ, ಭಾರತಗಳ ಕಥೆಗಳು 140 ಫಲಕಗಳಲ್ಲಿ ಹರಿದಿವೆ. ಮಲ್ಲಿತಮ್ಮನಂಥ ಶಿಲ್ಪಿಯ ಉಳಿ ಅಲ್ಲಿ ಆಡಿದೆ. ಕವಿ ಜನ್ನನ ರಚನೆ ಶಾಸನದ ಕಲ್ಲಿನ ಮೇಲಿದೆ. ಅವಶ್ಯಕತೆಯನ್ನು ಮೀರಿದ ಈ ಶ್ರಮವನ್ನು ನಾವು ವ್ಯರ್ಥವೆನ್ನುವುದಿಲ್ಲ, ಆರಾಧನೆಯೆನ್ನುತ್ತೇವೆ. ಸ್ವಿಟ್ಜರ್ಲೆಂಡಿನ ಕಣಿವೆಯಲ್ಲಿ ಯಾರ ಕಣ್ಣಿಗೂ ಬೀಳದ ತಿರುಪಿನ ತಲೆಯನ್ನು ಗಂಟೆಗಟ್ಟಲೆ ಉಜ್ಜಿ ಹೊಳಪೇರಿಸುವ ಕೆಲಸಗಾರನ ಶ್ರದ್ಧೆಯನ್ನು ನಾನು ಅದೇ ಕುಲಕ್ಕೆ ಸೇರಿಸುತ್ತೇನೆ. ವ್ಯತ್ಯಾಸವಿರುವುದು ಆ ಶ್ರದ್ಧೆಯ ಫಲ ಯಾರಿಗೆ ಸಲ್ಲುತ್ತದೆಂಬುದರಲ್ಲಿ. ದಂಡನಾಯಕನ ಹಣ ಎಂಟು ಶತಮಾನಗಳಿಂದ, ಎಮ್ಮೆ ಕಾಯುವ ಹುಡುಗನೂ ಒಳಹೊಕ್ಕು ಕುಳಿತುಕೊಳ್ಳಬಹುದಾದ ನೆರಳಾಗಿ ನಿಂತಿದೆ. ಮಣಿಕಟ್ಟಿನ ಮೇಲಣ ಶಿಲ್ಪವಾದರೋ ಒಬ್ಬನೇ ಭಕ್ತನುಳ್ಳ ಗುಡಿ, ಆ ಭಕ್ತನೇ ಅದರ ದೈವವೂ ಆಗಿಬಿಡುವ ಭಯ ಅಲ್ಲಿ ಸದಾ ಇದೆ.

ಸಾರ್ವಜನಿಕ ಸೇವೆಯಲ್ಲಿರುವವರ ವಿಷಯದಲ್ಲಿ ಲೋಕವು ಈ ಭೇದವನ್ನು ಯಾವ ಶಾಸ್ತ್ರದ ಸಹಾಯವೂ ಇಲ್ಲದೆ ಗ್ರಹಿಸುತ್ತದೆ. 2016ರಲ್ಲಿ ಆಗಿನ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರಿಗೆ ಮಿತ್ರರೊಬ್ಬರು ಉಡುಗೊರೆಯಾಗಿ ಕೊಟ್ಟಿದ್ದ ಹೂಬ್ಲೋ ಕೈಗಡಿಯಾರದ ವಿಷಯವಾಗಿ ರಾಜ್ಯದಲ್ಲೆಲ್ಲ ಚರ್ಚೆಯೆದ್ದು, ಆ ವರ್ಷದ ಮಾರ್ಚಿ ತಿಂಗಳಲ್ಲಿ ಅವರು ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿ ರಾಜ್ಯದ ಸ್ವತ್ತನ್ನಾಗಿ ಮಾಡಿದರು. ರಾಜಕೀಯದ ಗುಣದೋಷಗಳು ಇಲ್ಲಿ ನನ್ನ ವಿಷಯವಲ್ಲ. ಅಷ್ಟೇ ಬೆಲೆಯ ಶಾಲನ್ನೋ ಚಿತ್ರಪಟವನ್ನೋ ಯಾರಾದರೂ ಕೊಟ್ಟಿದ್ದರೆ ಜನರ ಮನಸ್ಸು ಇಷ್ಟು ಕಲಕುತ್ತಿತ್ತೇ ಎಂಬುದನ್ನು ಮಾತ್ರ ಯೋಚಿಸುತ್ತೇನೆ. ಪದವಿಯಲ್ಲಿರುವವರ ಹೊತ್ತು ತಮ್ಮದೆಂದು ಪ್ರಜೆಗಳು ಭಾವಿಸಿರುತ್ತಾರೆ. ಆ ಹೊತ್ತನ್ನು ಅಳೆಯುವ ಸಾಧನ ಖಾಸಗಿಯವರೊಬ್ಬರಿಂದ ಬಂದುದು ಅವರಿಗೆ ಬೇರೆಯೇ ಅರ್ಥವನ್ನು ಕೊಟ್ಟಿತು.

ಹಾಗಾದರೆ ಹೊತ್ತು ನಿಜವಾಗಿ ಯಾರದು? ವೈಶೇಷಿಕರು ಕಾಲವನ್ನು ಒಂಬತ್ತು ದ್ರವ್ಯಗಳಲ್ಲಿ ಒಂದೆಂದು ಎಣಿಸಿ, ಅದನ್ನು ನಿತ್ಯವೂ ಅಖಂಡವೂ ಎಂದರು. ಅದನ್ನು ಗಳಿಗೆಗಳಾಗಿ ಕತ್ತರಿಸುವವರು ನಾವು. ಅದ್ವೈತಿಗಳಿಗೆ ಅದು ವ್ಯವಹಾರದಲ್ಲಿ ಮಾತ್ರ ಸತ್ಯ. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಲೆಕ್ಕ ಹಿಡಿಯುವವರ ನಡುವೆ ತಾನು ಕಾಲವೆಂದು ಹೇಳಿಕೊಂಡ ಭಗವಂತನು, ಹನ್ನೊಂದನೆಯದರಲ್ಲಿ ಲೋಕಗಳನ್ನು ಕ್ಷಯಗೊಳಿಸುವ ಕಾಲವಾಗಿ ಎದುರು ನಿಲ್ಲುತ್ತಾನೆ. ನಾವು ಎಣಿಸುವ ಕಾಲವೂ ನಮ್ಮನ್ನು ಎಣಿಸುವ ಕಾಲವೂ ಒಂದೇ ಎಂಬುದನ್ನು ನಂಬಿದವನಿಗೆ, ಅದನ್ನು ಕೊಂಡೆನೆಂಬ ಭಾವನೆ ಹೆಚ್ಚು ಹೊತ್ತು ನಿಲ್ಲಲಾರದು. ವ್ಯವಹಾರದಲ್ಲಿ ಮಾತ್ರ ಒಂದು ಅಧಿಕಾರ ಮನುಷ್ಯನಿಗೆ ಉಂಟು: ಮತ್ತೊಬ್ಬನನ್ನು ಕಾಯಿಸುವ ಅಧಿಕಾರ. ಅಜ್ಜಂಪುರವು ತರೀಕೆರೆ ತಾಲ್ಲೂಕಿಗೆ ಸೇರಿದ್ದ ದಿನಗಳಲ್ಲಿ ಒಂದು ಪಹಣಿಯ ತಿದ್ದುಪಡಿಗಾಗಿ ಬೆಳಗಿನ ಬಸ್ಸು ಹಿಡಿದು ತರೀಕೆರೆಗೆ ಹೋದ ರೈತನು, ಸಾಹೇಬರು ಇನ್ನೂ ಬಂದಿಲ್ಲ ಎಂಬ ಮಾತನ್ನು ಕೇಳಿ ಸಂಜೆಯವರೆಗೆ ಕುಳಿತು ಹಿಂದಿರುಗುತ್ತಿದ್ದುದು ಆ ಸೀಮೆಯಲ್ಲಿ ಎಷ್ಟೋ ಜನರ ಅನುಭವ. ಆ ರೈತನ ಕೈಯಲ್ಲಿ ಗಡಿಯಾರವಿರಲಿಲ್ಲ. ಒಂದು ದಿನದ ಈರುಳ್ಳಿ ಕೆಲಸ ಹೊಲದಲ್ಲಿ ಹಾಗೆಯೇ ಉಳಿದಿರುತ್ತಿತ್ತು. ವೈದ್ಯರಾಗಲಿ, ವಕೀಲರಾಗಲಿ, ಮಂಡಿಯವರಾಗಲಿ, ಅಧಿಕಾರಿಗಳಾಗಲಿ, ಎಷ್ಟು ಬೆಲೆಯ ಗಡಿಯಾರವನ್ನು ಕಟ್ಟಿಕೊಂಡಿದ್ದಾರೆಂದು ಕೇಳುವುದಕ್ಕೆ ಮೊದಲು ಅವರ ಬಾಗಿಲಲ್ಲಿ ಎಷ್ಟು ಮಂದಿ ಎಷ್ಟು ಹೊತ್ತು ಕಾದಿದ್ದಾರೆಂದು ನಾನು ಕೇಳುತ್ತೇನೆ. ಹೇಳಿದ ಹೊತ್ತಿಗೆ ಬಂದು ಕೂರುವ ವೈದ್ಯರ ಕೈಯ ಚಿನ್ನದ ಗಡಿಯಾರ ನನ್ನನ್ನು ಸ್ವಲ್ಪವೂ ನೋಯಿಸದು.

ಬೆಲೆಯ ಪ್ರಶ್ನೆ ಇಷ್ಟರಿಂದ ಪೂರ್ತಿಯಾಗಿ ಬಗೆಹರಿಯಿತೆಂದು ಹೇಳಲಾರೆ. ಮಳೆ ಕಡಮೆಯಾದ ವರ್ಷ ಕಡೂರಿನ ಬಯಲಿನಲ್ಲಿ ಬೋರುಗಳು ಒಂದರ ಹಿಂದೊಂದು ಬತ್ತಿ, ತೆಂಗಿನ ಮರಗಳ ಸುಳಿ ಒಣಗುತ್ತಿರುವಾಗ, ಯಾರನ್ನೂ ಕಾಯಿಸದೆ ಪ್ರಾಮಾಣಿಕವಾಗಿ ಗಳಿಸಿದವನೊಬ್ಬನು ಹತ್ತು ಲಕ್ಷದ ವಾಚನ್ನು ಕೊಳ್ಳಬಹುದೇ? ಶರಣರ ದಾರಿಯಲ್ಲಿ ಕಾಯಕದ ಜೊತೆಗೆ ದಾಸೋಹವಿದೆ. ಗಳಿಕೆಯಲ್ಲಿ ಮಿಕ್ಕದ್ದು ಸಮಾಜಕ್ಕೆ ಹಿಂದಿರುಗಬೇಕು. ಜೈನಧರ್ಮವು ಯತಿಗಳಿಗೆ ಪೂರ್ಣ ಅಪರಿಗ್ರಹವನ್ನು ವಿಧಿಸಿ, ಶ್ರಾವಕರಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಹೇಳಿತು. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಇವುಗಳಲ್ಲಿ ನನಗೆ ಇಷ್ಟು ಸಾಕೆಂದು ಗೃಹಸ್ಥನು ಮುಂಚಿತವಾಗಿಯೇ ಗೆರೆಯೆಳೆದುಕೊಳ್ಳುವ ವ್ರತವದು. ಅದೇ ಶ್ರಾವಕರು ಆಚರಿಸುವ ಸಾಮಾಯಿಕದಲ್ಲಿ ಒಂದು ಮುಹೂರ್ತ, ಎಂದರೆ ಎರಡು ಗಳಿಗೆ, 48 ನಿಮಿಷ, ಒಡವೆ ವಸ್ತುಗಳ ಮೇಲಣ ಮಮತೆಯನ್ನೆಲ್ಲ ಬಿಟ್ಟು ಸಮಭಾವದಲ್ಲಿ ಕುಳಿತಿರಬೇಕು. ನಿಜವಾಗಿ ತನ್ನದೆನ್ನಬಹುದಾದ ಹೊತ್ತು ಒಬ್ಬನಿಗೆ ಸಿಕ್ಕುವುದಾದರೆ ಅದು ಅಂಥ ನಲವತ್ತೆಂಟು ನಿಮಿಷದಲ್ಲಿಯೇ ಸಿಕ್ಕೀತು. ಈ ವ್ರತಗಳ ವಿಷಯದಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುವ ಅಂಶವೆಂದರೆ, ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಶಾಸ್ತ್ರಕಾರರು ಅರಸನಿಗೂ ಬಿಡಲಿಲ್ಲ, ನೆರೆಹೊರೆಯವರಿಗೂ ಬಿಡಲಿಲ್ಲ. ಇಷ್ಟು ಕೊಂಡಿದ್ದೇನೆ, ಇದರಾಚೆಗೆ ಬೇಡ ಎಂದು ಗೃಹಸ್ಥನೇ ಗುರುಗಳ ಸನ್ನಿಧಿಯಲ್ಲಿ ತನ್ನ ಬಾಯಿಂದ ಹೇಳಿಕೊಳ್ಳಬೇಕು.